ಸೌದೆ ರಾಶಿಯ ಬೆಕ್ಕಿನ ಮರಿ

ಪ್ರೀತಿಯ ಗೆಳತಿ,

ನಿಮ್ಮ ಕಾಗದ ತಲುಪಿತು. ಹಗಲೆಲ್ಲ ಅನಿಮೇಷನ್ ಕಂಪನಿಯಲ್ಲಿ ದುಡಿದು ಬರುವ ಮಗ ರಾತ್ರಿಯೂ ಅದೇ ಚಿತ್ರ ಬಿಡಿಸುತ್ತ ಕೂರುತ್ತಾನೆ, ಯಾಕೆ ಬೇಕು ಇದೆಲ್ಲ ಎಂದು ಕೇಳಿದ್ದೀರಿ. ಉತ್ತರವಾಗಿ ಒಂದು ಪುಟ್ಟ ಸಿನಿಮಾದ ವಿಷಯ ಹೇಳುತ್ತೇನೆ.

‘ಬ್ಯಾಂಜೊ ದಿ ವುಡ್‌ಪೈಲ್ ಕ್ಯಾಟ್’ 1979ರ ಚಿತ್ರ. ಅರ್ಧ ಗಂಟೆಯೂ ಇಲ್ಲ. ಅಮೆರಿಕದ ಯೂಟಾ ರಾಜ್ಯದ ಪೇಸನ್ ಊರು, ಅಲ್ಲೊಂದು ಹೊಲದ ಮನೆ, ಸೌದೆ ರಾಶಿಯಲ್ಲಿ ಒಂದು ಬೆಕ್ಕಿನ ಸಂಸಾರ. ಎತ್ತರದಿಂದ ಬಿದ್ದ ಬೆಕ್ಕು ಕಾಲ ಮೇಲೇ ನಿಲ್ಲುತ್ತದಂತಲ್ಲ, ನೋಡೇ ಬಿಡೋಣ ಎಂದು ತುಂಟ ಬ್ಯಾಂಜೊ ಹಾರುತ್ತಾನೆ, ಅಕ್ಕತಂಗಿಯರನ್ನೂ ಅಪಾಯಕ್ಕೆ ಎಳೆಯುತ್ತಾನೆ. ಏಟು ತಿನ್ನಲು ಬೇಕಾದ ಕೋಲನ್ನು ನೀನೇ ಹೋಗಿ ಆರಿಸಿ ತಾ ಎನ್ನುತ್ತಾನೆ ಅಪ್ಪ. ಆ ನಡಿಗೆಯ ಭಯ ಹೊಡೆತಕ್ಕಿಂತ ದೊಡ್ಡದು. ಬಾಲ್ಯವನ್ನು ಮರೆಯದವರಷ್ಟೇ ಹಾಗೆ ಬರೆಯಬಲ್ಲರು. ಮರಿ ಲಾರಿ ಹತ್ತಿ ಸಾಲ್ಟ್ ಲೇಕ್ ಸಿಟಿಗೆ ಓಡಿಹೋಗುತ್ತದೆ. ಅಲ್ಲಿ ಮಳೆ, ಹಸಿವು, ಕೊನೆಗೆ ಕ್ರೇಜಿಲೆಗ್ಸ್ ಎಂಬ ಬೀದಿ ಬೆಕ್ಕಿನ ಆಸರೆ. ಅದಕ್ಕೆ ದನಿ ಕೊಟ್ಟವರು ಸ್ಕ್ಯಾಟ್‌ಮನ್ ಕ್ರೋದರ್ಸ್. ಡಿಸ್ನಿಯ ‘ದಿ ಅರಿಸ್ಟೋಕ್ಯಾಟ್ಸ್’ನಲ್ಲೂ ಬೆಕ್ಕಿನ ದನಿ ಅವರದೇ!

ನಿರ್ದೇಶಕ ಡಾನ್ ಬ್ಲೂತ್ ಹುಡುಗನಾಗಿ ಬೆಳೆದದ್ದು ಪೇಸನ್‌ನಲ್ಲೇ. ಕಾಣೆಯಾಗಿ ಮತ್ತೆ ಮನೆಗೆ ಮರಳಿದ ಅವರ ಮನೆಯ ಬೆಕ್ಕೇ ಕಥೆಗೆ ಮೂಲ. ಹಗಲು ಅವರು ಡಿಸ್ನಿಯ ಉದ್ಯೋಗಿ. ರಾತ್ರಿ, ರಜೆಯ ದಿನಗಳಲ್ಲಿ ಗ್ಯಾರಿ ಗೋಲ್ಡ್‌ಮನ್, ಜಾನ್ ಪೊಮೆರಾಯ್ ಮತ್ತಿತರ ಸಂಗಡಿಗರನ್ನು ಕಟ್ಟಿಕೊಂಡು ತಮ್ಮ ಮನೆಯ ಗ್ಯಾರೇಜಿನಲ್ಲಿ ಈ ಚಿತ್ರ ಮಾಡಿದರು. 1975ರಲ್ಲಿ ಶುರುವಾದ ಕೆಲಸಕ್ಕೆ ನಾಲ್ಕು ವರ್ಷ ಹಿಡಿಯಿತು.

ಇಷ್ಟು ಕಷ್ಟ ಯಾಕೆ? ದೊಡ್ಡ ಸ್ಟುಡಿಯೊದಲ್ಲಿ ಒಬ್ಬೊಬ್ಬರ ಪಾಲಿಗೆ ಒಂದೊಂದು ತುಂಡು ಕೆಲಸ. ಕಥೆ ಹೆಣೆಯುವುದು, ಹಿನ್ನೆಲೆ ಬರೆಯುವುದು, ಕ್ಯಾಮೆರಾ, ಸಂಗೀತ, ಎಲ್ಲ ಬೇರೆಯವರ ಕೈಯಲ್ಲಿ. ಹಳೆಯ ಗುರುಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. ನೆರಳು, ನೀರು, ಬೆಳಕನ್ನು ಮುತುವರ್ಜಿಯಿಂದ ಬಿಡಿಸುವ ವಿದ್ಯೆ ಅವರ ಜೊತೆಗೇ ಮರೆಯಾಗುತ್ತಿದೆ ಎಂಬ ಸಂಕಟ ಬ್ಲೂತ್‌ಗಿತ್ತು. ಕಲಿಸುವವರಿಲ್ಲದಾಗ ಇಡೀ ಸಿನಿಮಾವನ್ನೇ ಮಾಡಿ ಕಲಿತರು.

ಕಥೆ ತೆಳುವಾಗಿದೆ, ಪಟ್ಟಣದ ಹಾಡುಗಳು ಒಂದಿಷ್ಟು ಎಳೆದಂತಿವೆ. ಆದರೂ ಮಳೆಯಲ್ಲಿ ತೊಯ್ದು ಕುಗ್ಗಿದ ಆ ಮರಿಯನ್ನು ನೋಡಿದಾಗ ನನಗೆ ಅದ್ಯಾವುದೂ ಮುಖ್ಯವೆನಿಸುವುದಿಲ್ಲ.

1979ರ ಸೆಪ್ಟೆಂಬರ್ 13, ತಮ್ಮ 42ನೇ ಹುಟ್ಟುಹಬ್ಬದಂದು ಬ್ಲೂತ್ ಡಿಸ್ನಿ ಬಿಟ್ಟರು. ಗೋಲ್ಡ್‌ಮನ್, ಪೊಮೆರಾಯ್ ಕೂಡ ಹೊರನಡೆದರು, ಇನ್ನೂ ಹಲವರು ಹಿಂಬಾಲಿಸಿದರು. 1982ರಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ನಿಮ್’ ನೋಡಿದರೆ ಗ್ಯಾರೇಜಿನ ಕಲಿಕೆ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯುತ್ತದೆ. 1986ರ ‘ಆ್ಯನ್ ಅಮೆರಿಕನ್ ಟೇಲ್’ನಲ್ಲಿ ಮನೆಯವರಿಂದ ಅಗಲಿ ನ್ಯೂಯಾರ್ಕಿನಲ್ಲಿ ಅಲೆಯುವ ಇಲಿಮರಿ ನನ್ನ ಕಣ್ಣಿಗೆ ಬ್ಯಾಂಜೊನ ಒಡಹುಟ್ಟೇ.

ಮಗನ ಜೊತೆ ಕೂತು ‘ಬ್ಯಾಂಜೊ’ ನೋಡಿ, ಆಮೇಲೆ ‘ನಿಮ್’. ನೋಡಿ ಅವನೇನಂದ ಎಂದು ಬರೆಯಿರಿ. ಅವನು ರಾತ್ರಿ ಬಿಡಿಸಿದ ಹಾಳೆಗಳಲ್ಲಿ ಒಂದೆರಡನ್ನು ಕಾಗದದ ಜೊತೆ ಕಳಿಸಿಕೊಡಲು ಸಾಧ್ಯವೇ? ನೋಡುವ ಆಸೆಯಾಗಿದೆ.

ಇಂತಿ ನಿಮ್ಮ ಗೆಳತಿ