ಮೊಣಕಾಲ ಹಿಂದಿನ ಗಂಟು

2019ರ ಸಂಕ್ರಾಂತಿ ಮುಗಿಸಿಕೊಂಡು ಸಾಗರದಿಂದ ರಾತ್ರಿ ಬಸ್ಸಿಗೆ ಬಂದಿದ್ದೆ. ಬೆಳಗ್ಗೆ ಜಯನಗರದ ಮನೆಯಲ್ಲಿ ಸ್ನಾನಕ್ಕೆ ನಿಂತಾಗ ಎಡ ಮೊಣಕಾಲ ಹಿಂದೆ, ಚರ್ಮ ಮಡಚುವ ಜಾಗದಲ್ಲಿ, ಎಳ್ಳುಕಾಳಿನಷ್ಟು ಏನೋ ಕೈಗೆ ತಾಗಿತು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಉಣುಗು ಕಣೋ. ಕಾಲು ಆಡಿಸ್ತಾ ಇದೆ."

ಬೆಂಗಳೂರಿನಲ್ಲಿ ಉಣ್ಣೆ ಅನ್ನುವುದಕ್ಕೆ ನಮ್ಮ ಕಡೆ ಉಣುಗು ಅನ್ನುತ್ತೇವೆ. ಆ ಹೆಸರು ಕೇಳಿದರೇ ಮಲೆನಾಡಿನವರ ಎದೆ ಧಸಕ್ಕೆನ್ನುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಗೆ ಆ ಚಳಿಗಾಲ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುತ್ತಿದ್ದರು. ನಾನು ಹಿಂದಿನ ದಿನವಷ್ಟೇ ತೋಟದಂಚಿನಲ್ಲಿ ದರಗು ಗುಡಿಸಿದ್ದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಕೊಟ್ಟಿದ್ದ ಡಿಎಂಪಿ ಎಣ್ಣೆಯ ಬಾಟಲಿ ಜಗಲಿಯಲ್ಲೇ ಉಳಿದಿತ್ತು. ಗಾಬರಿಯಲ್ಲಿ ಉಗುರಿನಿಂದಲೇ ಕಿತ್ತೆ. ಹೊಟ್ಟೆ ಬಂತು, ಬಾಯಿ ಒಳಗೇ ಉಳಿಯಿತು.

ಎಂಟು ದಿನ ಅಮ್ಮ ಹಗಲೂ ರಾತ್ರಿ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಬರಲಿಲ್ಲ. ಬಂದದ್ದು ಗಂಟು. ಮೊದಲು ಕೆಂಪಗೆ ತುರಿಸಿತು, ಆಮೇಲೆ ಕಡಲೆಕಾಳಿನ ಹಾಗೆ ಗಟ್ಟಿಯಾಯಿತು. ಯುಗಾದಿಗೂ ಹೋಗಲಿಲ್ಲ.

ಜೆ.ಪಿ. ನಗರದ ಚರ್ಮವೈದ್ಯೆಗೆ ತೋರಿಸಿದೆ. "ಮಂಗನ ಕಾಯಿಲೆಯನ್ನ ಕಚ್ಚಿದ ಜಾಗ ನೋಡಿ ಹೇಳಕ್ಕಾಗಲ್ಲ, ಜ್ವರಾನೇ ನೋಡಬೇಕು. ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಟ್ಟಿದ್ರೆ ಬೇರೆ ಜ್ವರ, ಟೈಫಸ್ ಇರಬಹುದಾ ಅಂತ ಯೋಚಿಸ್ತಿದ್ದೆ" ಅಂದರು. ಮರಗಟ್ಟಿಸಿ, ನಾಲ್ಕು ಮಿಲಿಮೀಟರ್ ಚರ್ಮ ಕೊರೆದು ಪರೀಕ್ಷೆಗೆ ಕಳಿಸಿದರು.

ಆ ಚರ್ಮ ಕೂರಿಸಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದೆ. ನಡುವೆ ಕಂದು ಬಣ್ಣದ ಚೂರು, ಉಣುಗಿನ ಬಾಯಿ. ಅದರ ಮುಳ್ಳುಗಳೆಲ್ಲ ಗಾಳದ ಹಾಗೆ ಹಿಮ್ಮುಖ. ಸುತ್ತ ಗುಲಾಬಿ ಬಣ್ಣದ ಅಂಟು: ಹಿಡಿತ ಜಾರದಿರಲೆಂದು ಉಣುಗು ತಾನೇ ಸುರಿಸಿದ್ದು. ಅದರ ಜೊಲ್ಲು ನೋವು ತಿಳಿಯದ ಹಾಗೂ ಮಾಡುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೂ ಮಾಡುತ್ತದೆ. ಅದಕ್ಕೇ ನನಗೆ ಗೊತ್ತೇ ಆಗಿರಲಿಲ್ಲ. ಅದರಾಚೆ ಕೆಂಪು ರವೆ ತುಂಬಿಕೊಂಡಂಥ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು, ಸಾಲುಸಾಲಾಗಿ. ಮೂರು ತಿಂಗಳಾದರೂ ನನ್ನ ಮೈ ಆ ಚೂರನ್ನು ಬಿಟ್ಟುಕೊಟ್ಟಿರಲಿಲ್ಲ. ಕಣ್ಣು ತುಂಬಿ ಬಂತು, ಯಾಕೋ.

"ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು, ನಿಧಾನಕ್ಕೆ ನೇರ ಎಳೀರಿ" ಅಂದರು ವೈದ್ಯೆ.

ಅಮ್ಮ ಅವತ್ತೇ ನಾಲ್ಕನೇ ಬ್ಲಾಕಿನಲ್ಲಿ ಚೂಪು ತುದಿಯ ಆರು ಚಿಮುಟ ಕೊಂಡಳು. ಐದು ಊರಿಗೆ ಹೋದವು.