ಪಾತಾಳದಲ್ಲಿ ಬೆಂಗಳೂರಿನ ಕೈಕೆಲಸ

ಕಲ್ಕತ್ತೆಯ ಜನ ನೆಲದಡಿಯ ರೈಲನ್ನು 'ಪಾತಾಳ ರೈಲ್' ಎಂದು ಕರೆಯುತ್ತಾರೆ. ಬಲಿ ಚಕ್ರವರ್ತಿ ಇಳಿದುಹೋದ ಲೋಕಕ್ಕೆ ಇಲ್ಲಿ ಟಿಕೇಟು ಕೊಂಡು ಹೋಗಬಹುದು. ಹೋದವರು ಸಂಜೆಗೆ ಮನೆಗೆ ಹಿಂದಿರುಗುತ್ತಾರೆಂಬುದಷ್ಟೇ ವ್ಯತ್ಯಾಸ. 2001ರಿಂದ ಆ ನಗರದ ಹೆಸರು ಕೋಲ್ಕತ್ತ. ಆದರೂ ನಮ್ಮ ಮನೆಗಳಲ್ಲಿ ಬಾಯಿಗೆ ಬರುವುದು ಕಲ್ಕತ್ತೆಯೇ ಆದ್ದರಿಂದ ನಾನೂ ಅದನ್ನೇ ಬರೆಯುತ್ತೇನೆ.

ಆ ಪಾತಾಳದಲ್ಲಿ 1984ರಿಂದ ಓಡುತ್ತಿದ್ದ ಹಳೆಯ ಮಾದರಿಯ ಗಾಡಿಗಳು 2021ರ ಅಕ್ಟೋಬರ್ 24ರಂದು ಕಡೆಯ ಓಟ ಮುಗಿಸಿದವು. ಅವುಗಳ ಬಗ್ಗೆ ನಾಲ್ಕು ಮಾತು ಬರೆಯುವುದಕ್ಕೆ ಕಾರಣವುಂಟು. ಅವುಗಳಲ್ಲಿ ಬೆಂಗಳೂರಿನ ಪಾಲಿತ್ತು. ಅದು ನಮ್ಮವರಲ್ಲೇ ಬಹಳ ಮಂದಿಗೆ ತಿಳಿಯದು.

ನೆಲದಡಿಯಲ್ಲಿ ರೈಲು ಓಡಿಸುವ ಸಾಹಸ ಮೊದಲಾದದ್ದು ಲಂಡನ್ನಿನಲ್ಲಿ, 1863ರ ಜನವರಿಯಲ್ಲಿ. ಆಗ ವಿದ್ಯುತ್ ಗಾಡಿಗಳಿರಲಿಲ್ಲ. ಸುರಂಗದೊಳಗೆ ಉಗಿಯ ಎಂಜಿನ್ನೇ ಓಡುತ್ತಿತ್ತು. ಗ್ಯಾಸ್ ದೀಪದ ಮರದ ಡಬ್ಬಿಗಳಲ್ಲಿ, ಹೊಗೆ ಕುಡಿಯುತ್ತಾ ಜನ ಪ್ರಯಾಣ ಮಾಡಿದರು. ನೆಲದಾಳದಲ್ಲಿ ವಿದ್ಯುತ್ ರೈಲು ಬಂದದ್ದು 1890ರಲ್ಲಿ. ಕಲ್ಕತ್ತೆಗೂ ಇಂಥ ರೈಲು ಬೇಕೆಂದು ಹಾರ್ಲಿ ಡಾಲ್‌ರಿಂಪಲ್ ಹೇ ಎಂಬ ಎಂಜಿನಿಯರು 1921ರಲ್ಲಿಯೇ ಯೋಜನೆ ಬರೆದುಕೊಟ್ಟರು. ಹಣವಿಲ್ಲದೆ ಅದು ಕಾಗದದಲ್ಲೇ ಉಳಿಯಿತು. ಕಡತದಲ್ಲಿ ಕುಳಿತ ಯೋಜನೆಗಳ ಆಯುಸ್ಸು ಎಷ್ಟೆಂಬುದು ನನ್ನಂಥ ಗುಮಾಸ್ತನಿಗೆ ಗೊತ್ತು. ಅರ್ಧ ಶತಮಾನವೇನೂ ಹೆಚ್ಚಲ್ಲ.

ಸೋವಿಯತ್ ತಜ್ಞರ ನೆರವಿನಿಂದ ಹೊಸ ಯೋಜನೆ ಸಿದ್ಧವಾಗಿ, 1972ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. ಸುರಂಗದ ಬಹುಭಾಗವನ್ನು ಬಿಲ ತೋಡಿದಂತೆ ಕೊರೆದದ್ದಲ್ಲ. ರಸ್ತೆಯನ್ನೇ ಅಗೆದು, ಎರಡು ಬದಿಗೆ ಗೋಡೆ ಕಟ್ಟಿ, ಮೇಲೆ ಕಾಂಕ್ರೀಟಿನ ಹೊದಿಕೆ ಹಾಸಿ, ಮತ್ತೆ ಮಣ್ಣು ಮುಚ್ಚಿದ್ದು. ವರ್ಷಗಟ್ಟಲೆ ಊರಿನ ಎದೆ ಬಗೆದಂತಿತ್ತು. ಕೊನೆಗೆ 1984ರ ಅಕ್ಟೋಬರ್ 24ರಂದು ಎಸ್‌ಪ್ಲನೇಡಿನಿಂದ ಭವಾನೀಪುರದವರೆಗೆ 3.4 ಕಿಲೋಮೀಟರು, ಐದು ನಿಲ್ದಾಣಗಳ ನಡುವೆ ಗಾಡಿ ಓಡಿತು. ಭಾರತದ ಮೊದಲನೆಯ ಮೆಟ್ರೋ ಅದೇ. ದಂದಂನಿಂದ ಟಾಲಿಗಂಜಿನವರೆಗಿನ ಪೂರ್ತಿ ದಾರಿ ಸಿದ್ಧವಾಗುವಾಗ 1995 ಆಗಿತ್ತು.

ಗಾಡಿ ಓಡುತ್ತಿದ್ದ ಬಗೆಯನ್ನು ಸ್ವಲ್ಪ ಹೇಳಬೇಕು. ತಲೆಯ ಮೇಲೆ ತಂತಿಯಿಲ್ಲ. ಹಳಿಗಳ ಪಕ್ಕದಲ್ಲಿ ಮೂರನೆಯದೊಂದು ಹಳಿ. ಅದರಲ್ಲಿ 750 ವೋಲ್ಟಿನ ನೇರ ವಿದ್ಯುತ್ತು. ಡಬ್ಬಿಯ ಬದಿಯಿಂದ ಚಾಚಿದ ಲೋಹದ ಪಾದವೊಂದು ಅದನ್ನು ಸವರುತ್ತಾ ಹೋಗಿ ಗಾಡಿಗೆ ಆಹಾರ ಒದಗಿಸುತ್ತದೆ. ಮೇಲೆ ತಂತಿ ಬೇಡವಾದ್ದರಿಂದ ಸುರಂಗದ ಎತ್ತರ ಉಳಿಯಿತು. ಮುಂದೆ ಮೋಟರ್‌ಮನ್, ಹಿಂದಿನ ತುದಿಯಲ್ಲಿ ಅವರ ಜೊತೆಗಾರ. ಪ್ರಯಾಣಿಕರು ಹತ್ತಿಳಿದದ್ದನ್ನು ನೋಡಿಕೊಳ್ಳುವವರು ಈ ಹಿಂದಿನವರು. ಬಾಗಿಲುಗಳು ಒತ್ತಿದ ಗಾಳಿಯ ಬಲದಿಂದ ಮುಚ್ಚಿಕೊಳ್ಳುತ್ತಿದ್ದವು. ಮುಂಬಯಿಯ ಲೋಕಲಿನಂತೆ ನೇತಾಡುವ ಸುಖ ಇಲ್ಲಿರಲಿಲ್ಲ. ಡಬ್ಬಿಗಳಲ್ಲಿ ತಂಪು ಯಂತ್ರವಿರಲಿಲ್ಲ. ಅದಕ್ಕೆ ಬದಲಾಗಿ, ಹೊರಗಿನ ಗಾಳಿಯನ್ನು ಸೆಳೆದು, ನೀರಿನಲ್ಲಿ ತೊಳೆದು ತಂಪುಮಾಡಿ ಸುರಂಗಕ್ಕೇ ಊದುವ ಏರ್ಪಾಡಿತ್ತು. ಗಾಳಿಗೂ ಸ್ನಾನ ಮಾಡಿಸುವ ಮಡಿವಂತಿಕೆ ಪಾತಾಳದಲ್ಲೇ ಕಂಡದ್ದು! ಆದರೆ ಜನ ಕಿಕ್ಕಿರಿದಾಗ ಆ ಮಿಂದ ಗಾಳಿಯೂ ಬೆವರುತ್ತಿತ್ತು. ಸುರಂಗದ ಗೋಡೆಗೆ ಬಡಿದು ಬರುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳಬೇಕಾದರೆ ಕಿವಿಯನ್ನು ಬಾಯಿಗೆ ಹಿಡಿಯಬೇಕಾಗಿತ್ತು.

ಈ ಗಾಡಿಗಳನ್ನು ಕಟ್ಟಿದ್ದು ಮದರಾಸಿನ ಪೆರಂಬೂರಿನಲ್ಲಿರುವ, 1955ರಲ್ಲಿ ಆರಂಭವಾದ ರೈಲು ಡಬ್ಬಿಗಳ ಕಾರ್ಖಾನೆ. ಅವುಗಳ ವಿದ್ಯುತ್ ಸಲಕರಣೆ ಹೋದದ್ದು ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯಿಂದ. ಹೊರದೇಶದಿಂದ ಗಾಡಿ ತರಿಸದೆ, ನೆಲದಡಿಯ ರೈಲನ್ನು ಹಿಂದೆಂದೂ ಮಾಡಿರದ ಕೈಗಳು ಮಾಡಿದ ಕೆಲಸ ಅದು.

ಆ ಕೈಗಳಲ್ಲಿ ಒಂದು ಜೊತೆ ನನಗೆ ಪರಿಚಿತ. ನನ್ನ ಹೆಂಡತಿಯ ಸೋದರಮಾವ ಆ ಕಾರ್ಖಾನೆಯಲ್ಲಿ ದುಡಿದವರು. 2019ರಲ್ಲಿ ನಾನು ಕಚೇರಿಯ ವರ್ಗಾವಣೆಯ ಮೇಲೆ ಕಲ್ಕತ್ತೆಯಲ್ಲಿದ್ದಾಗ ಅವರು ನಮ್ಮ ಮನೆಗೆ ಬಂದರು. ಕಾಳೀಘಾಟ್, ಬೇಲೂರು ಮಠ ಎಲ್ಲವನ್ನೂ ಮಕ್ಕಳ ಜೊತೆ ನೋಡಿಯಾದ ಮೇಲೆ ಮೆಲ್ಲಗೆ, "ಅಳಿಯಂದಿರೇ, ಆ ರೈಲು ಇನ್ನೂ ಇದೆಯೇ?" ಎಂದರು. ಪೆಟ್ಟಿಗೆ ತುಂಬಿ ಕಳಿಸಿದ್ದುಂಟು, ಓಡುವುದನ್ನು ಕಂಡಿಲ್ಲ ಎಂದರು. ಮಗಳ ಮದುವೆ ಮಾಡಿಕೊಟ್ಟು ಅವಳ ಮನೆಯನ್ನೇ ನೋಡದ ತಂದೆಯಂತೆ ಕಂಡರು.

ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ಮೊದಲು ಬಂದದ್ದು ತಂಪು ಯಂತ್ರದ ಹೊಸ ಗಾಡಿ. ಅಂಥವು 2010ರಿಂದ ಓಡುತ್ತಿದ್ದವು. ಜನವೆಲ್ಲ ಅದಕ್ಕೆ ನುಗ್ಗಿದರು. ಮಾವ ಕದಲಲಿಲ್ಲ. ಇನ್ನೊಂದೂ ಹೊಸತೇ, ಅದನ್ನೂ ಬಿಟ್ಟೆವು. ಮೂರನೆಯದು ಹಳೆಯದು. ಒಳಗೆ ಕುಳಿತವರು ಚಪ್ಪಲಿ ಬಿಚ್ಚಿ ಪಾದವನ್ನು ನೆಲಕ್ಕೂರಿದರು. ಗಾಡಿ ಹೊರಟಾಗ ಅಡಿಯಿಂದ ಟಕ್, ಟಕ್ ಎಂದು ಸದ್ದು ಬಂತು.

"ಕೇಳಿಸಿತೇ? ನಿಂತ ಮೋಟಾರಿಗೆ ವಿದ್ಯುತ್ತನ್ನೆಲ್ಲ ಒಮ್ಮೆಗೇ ಕೊಟ್ಟರೆ ಸುಟ್ಟುಹೋಗುತ್ತದೆ. ತಡೆಗಳನ್ನಿಟ್ಟು ಒಂದೊಂದನ್ನೇ ಬಿಡಿಸುತ್ತಾ ಬರಬೇಕು. ಹಸಿದ ಮಗುವಿಗೆ ತುತ್ತು ತುತ್ತಾಗಿ ಉಣಿಸಿದ ಹಾಗೆ. ಆ ತಡೆಗಳಲ್ಲಿ ಹಿಡಿದಿಟ್ಟ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಸೆಖೆಗೆ ಅದೂ ಒಂದು ಕಾರಣ ಅನ್ನಿ" ಎಂದು ಕಿವಿಯ ಬಳಿ ಕೂಗಿದರು.

ಎದುರು ನಿಂತಿದ್ದ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತಾ ಬಂಗಾಳಿಯಲ್ಲಿ ಗೊಣಗಿದ. ಏನೆಂದು ಮಾವ ಕೇಳಿದರು. ಈ ಮುದಿ ಗಾಡಿಯನ್ನು ಯಾವಾಗ ತೆಗೆಯುತ್ತಾರೋ ಎನ್ನುತ್ತಿದ್ದಾನೆ ಎಂದು ಸಂಕೋಚದಿಂದಲೇ ಹೇಳಿದೆ. ಅವರು ನಕ್ಕುಬಿಟ್ಟರು. "ಹುಡುಗ ಹೇಳುವುದು ಸರಿ. ಮೂವತ್ತು ವರ್ಷ ದುಡಿದ ಮೇಲೆ ನನಗೇ ನಿವೃತ್ತಿ ಕೊಡಲಿಲ್ಲವೇ? ಇದಕ್ಕೂ ಕೊಡಲಿ. ಎಲ್ಲಿಯದು ಅಂತ ಮಾತ್ರ ಯಾರಾದರೂ ಕೇಳಿದರೆ ಹೇಳಿ."

ಅವರ ಮಾತಿನಲ್ಲಿ ನ್ಯಾಯವಿದೆಯೆಂದು ನನಗೆ ತೋರುತ್ತದೆ. ಹಳೆಯ ಗಾಡಿ ಚೆನ್ನಾಗಿತ್ತೆಂದು ಹೊಗಳುವ ನಾವು ಅದರಲ್ಲಿ ದಿನವೂ ಬೆವರಿದವರಲ್ಲ. ಜನಕ್ಕೆ ತಂಪಾದ ಗಾಡಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಮಾಡಿದವರ ಊರೂ ಕೈಯೂ ಗಾಡಿಯೊಂದಿಗೇ ಮರೆಯಾಗಬೇಕಾದ್ದಿಲ್ಲ. ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಮುಚ್ಚಿತು. ಅದೇ ಬೈಯಪ್ಪನಹಳ್ಳಿಯಿಂದ 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ಹೊರಟಿತು. ಅದಕ್ಕೂ ಮೂರನೆಯ ಹಳಿ, ಅದೇ 750 ವೋಲ್ಟು. ಊರಿನ ನೆಲದಡಿಯಲ್ಲಿ ರೈಲು ಓಡಿದ್ದು 2016ರಲ್ಲಿ. ಅಂದರೆ ಬೆಂಗಳೂರಿನವರು ಪಾತಾಳ ಕಾಣುವುದಕ್ಕೆ 32 ವರ್ಷ ಮೊದಲೇ ಬೆಂಗಳೂರಿನ ಕೈಕೆಲಸ ಪರಸ್ಥಳದಲ್ಲಿ ಪಾತಾಳಕ್ಕಿಳಿದು, ಹೆಸರು ಹೇಳಿಕೊಳ್ಳದೆ ಚಾಕರಿ ಮಾಡುತ್ತಿತ್ತು. ಪರಊರುಗಳಲ್ಲಿ ಸಂಸಾರ ಹೂಡಿರುವ ನಮಗೆ ಈ ಪರಿ ಹೊಸದಲ್ಲ.

ಓದುಗರಲ್ಲಿ ಯಾರಾದರೂ ಕಲ್ಕತ್ತೆಗೆ ಹೋದರೆ ಎಸ್‌ಪ್ಲನೇಡಿನಲ್ಲಿ ಹತ್ತಿ ಭವಾನೀಪುರದಲ್ಲಿ ಇಳಿಯಿರಿ. ಆ ನಿಲ್ದಾಣಕ್ಕೆ ಈಗ ನೇತಾಜಿ ಭವನವೆಂದು ಹೆಸರು. ನಡುವೆ ರವೀಂದ್ರ ಸದನದ ಗೋಡೆಗಳ ಮೇಲೆ ಕವಿಯ ಕೈಬರಹವನ್ನು ನೋಡಬಹುದು. ಎಸ್‌ಪ್ಲನೇಡಿನಿಂದಲೇ, 2024ರ ಮಾರ್ಚಿನಲ್ಲಿ ಆರಂಭವಾದ ದಾರಿಯಲ್ಲಿ, ಹೂಗ್ಲಿ ನದಿಯ ಅಡಿಯಿಂದ ಹಾವಡಾಕ್ಕೂ ಹೋಗಿಬನ್ನಿ. ಗಾಡಿಗಳೆಲ್ಲ ಈಗ ತಂಪಾಗಿವೆ. ಜೊತೆಯಲ್ಲಿ ಮಕ್ಕಳಿದ್ದರೆ, ಇಲ್ಲಿ ಮೊದಲು ಓಡಿದ ಗಾಡಿಯ ವಿದ್ಯುತ್ ಕೆಲಸ ಬೈಯಪ್ಪನಹಳ್ಳಿಯದೆಂದು ಅವರಿಗೆ ಹೇಳಿ.