ಉಪ್ಪು ಹಾಕಿದರೆ ಮಂದ, ಹೆಚ್ಚಾದರೆ ನೀರು!

ಕೈ ತೊಳೆಯುವ ಲಿಕ್ವಿಡ್ ಮಂದವಾಗಿದ್ದರೆ ಒಳ್ಳೆಯದು, ತೆಳ್ಳಗಿದ್ದರೆ ನೀರು ಬೆರೆಸಿದ್ದು. ನಮ್ಮ ಕಾಸರಗೋಡಿನ ಕಡೆ ಮಕ್ಕಳಿಗೂ ಅವರ ಅಮ್ಮಂದಿರಿಗೂ ಇದೇ ನಂಬಿಕೆ. ವೃತ್ತಿ ಪರಿಚಯ ಮೇಳಕ್ಕೆ ಲಿಕ್ವಿಡ್ ಮಾಡಿಸುವಾಗೆಲ್ಲ ಈ ಮಾತು ಬಂದೇ ಬರುತ್ತದೆ. ಆದರೆ ಮಂದಕ್ಕೂ ಒಳ್ಳೆಯತನಕ್ಕೂ ಸಂಬಂಧವೇ ಇಲ್ಲ ನೋಡಿ. ದಾಸವಾಳ ಎಲೆಯ ಗೊಂಪಿನಲ್ಲಿ ಲೋಳೆ ಇರುವುದರಿಂದ ಅದು ಮಂದ. ಅಂಗಡಿಯ ಲಿಕ್ವಿಡ್ ಹೆಚ್ಚಾಗಿ ಅಡುಗೆ ಉಪ್ಪಿನಿಂದ ಮಂದ!

ಮಾರ್ಜಕದ ಕಣಗಳು ನೀರಿನಲ್ಲಿ ಗುಂಪುಗೂಡುತ್ತವೆ. ಆ ಗುಂಪಿಗೆ ಮೈಸೆಲ್ ಎಂದು ಹೆಸರು. ಸ್ವಲ್ಪ ಉಪ್ಪು ಬಿದ್ದರೆ ಗುಂಪುಗಳು ಉದ್ದವಾಗಿ, ಶ್ಯಾವಿಗೆಯ ಹಾಗೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆಗ ಮಂದವಾಗುತ್ತದೆ. ಒಂದು ಹದ ದಾಟಿದ ಮೇಲೆ ಇನ್ನೂ ಉಪ್ಪು ಹಾಕಿದರೆ ಪುನಃ ನೀರು ನೀರು. ತರಗತಿಯಲ್ಲಿ ನಾಲ್ಕು ಲೋಟ ಇಟ್ಟು ತೋರಿಸಿದರೆ ಸಾಕು, ಮಕ್ಕಳು ಮರೆಯುವುದಿಲ್ಲ.

ಇದನ್ನು ಬರೆಯಲು ಕಾರಣ ಏಳನೆಯ ತರಗತಿಯ ಒಬ್ಬಳು ಹುಡುಗಿ. ಬೆರಳ ಸಂದೆಲ್ಲ ಒಡೆದು, ಪೆನ್ಸಿಲ್ ಹಿಡಿಯಲೂ ಕಷ್ಟಪಡುತ್ತಿದ್ದಳು. ಮನೆಯಲ್ಲಿ ಪಾತ್ರೆ ತೊಳೆಯಲು ಮಾಡಿದ ಲಿಕ್ವಿಡ್ಡಿನಿಂದಲೇ ಕೈ, ಮುಖ ಎಲ್ಲ ತೊಳೆಯುತ್ತಿದ್ದರಂತೆ. ಅದು ಆಸಿಡ್ ಸ್ಲರಿ, ಕಾಸ್ಟಿಕ್ ಸೋಡ ಸೇರಿಸಿ ಮಾಡುವಂಥದ್ದು. ಕಿಟ್ಟಿನ ಚೀಟಿ ಇದ್ದದ್ದು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ, ಅವಳ ಅಮ್ಮ ಓದುವುದು ಕನ್ನಡ ಮಾತ್ರ. ಹಾಗಾಗಿ ಚರ್ಮಕ್ಕೆ ಆಗುವ ಲೆಕ್ಕವನ್ನು ಇಲ್ಲಿ ಕನ್ನಡದಲ್ಲೇ ಹಾಕುತ್ತಿದ್ದೇನೆ.

ಅರ್ಧ ಕಿಲೋಗೆ: ಸೋಡಿಯಂ ಲಾರೆತ್ ಸಲ್ಫೇಟ್ (70 ಶೇಕಡಾ ಪೇಸ್ಟ್) 50 ಗ್ರಾಂ, ಕೋಕಾಮಿಡೋಪ್ರೊಪೈಲ್ ಬೀಟೈನ್ (30 ಶೇಕಡಾ) 50 ಗ್ರಾಂ, ಗ್ಲಿಸರಿನ್ 10 ಗ್ರಾಂ, ಸೋಡಿಯಂ ಬೆಂಜೋಯೇಟ್ 2.5 ಗ್ರಾಂ, ಉಳಿದದ್ದು ಕುದಿಸಿ ಆರಿಸಿದ ನೀರು. ಹೆಸರು ಸರಿಯಾಗಿ ಓದಿ, "ಲಾರೆತ್" ಬೇರೆ, "ಲಾರಿಲ್" ಬೇರೆ. ಲಾರಿಲ್ ಚರ್ಮವನ್ನು ಹೆಚ್ಚು ಕೆರಳಿಸುತ್ತದೆ. ಬೀಟೈನನ್ನು ತೆಂಗಿನೆಣ್ಣೆಯಿಂದಲೂ ಮಾಡುತ್ತಾರೆ. ಅದನ್ನು ಬಿಡಲೇಬಾರದು. ಎರಡೂ ಕೂಡಿದಾಗ ಕಣಗಳು ಗುಂಪಿನಲ್ಲೇ ನಿಲ್ಲುತ್ತವೆ, ಒಂಟಿಯಾಗಿ ಚರ್ಮದೊಳಗೆ ನುಗ್ಗುವುದು ಕಡಿಮೆ. ಲಿಕ್ವಿಡ್ ಮೃದುವಾಗುವುದು ಇದರಿಂದ, ಮಂದದಿಂದಲ್ಲ.

ಮೊದಲು ಪೇಸ್ಟ್ ಮತ್ತು ಬೀಟೈನ್ ಕಲಸಿ. ಆಮೇಲೆ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಒಮ್ಮೆಲೇ ಹೊಯ್ದರೆ ಗಂಟುಕಟ್ಟಿ ದಿನವಿಡೀ ಕರಗದು. ಮಜ್ಜಿಗೆ ಕಡೆದ ಹಾಗೆ ಕಡೆಯಬೇಡಿ, ಬರೀ ನೊರೆಯಾಗುತ್ತದೆ. ಬೆಂಜೋಯೇಟ್, ಗ್ಲಿಸರಿನ್ ಹಾಕಿದ ಮೇಲೆ ಸಿಟ್ರಿಕ್ ಆಸಿಡನ್ನು ನೀರಲ್ಲಿ ಕರಗಿಸಿ ತೊಟ್ಟು ತೊಟ್ಟಾಗಿ ಬಿಡಿ. ಪಿಎಚ್ ಕಾಗದದಲ್ಲಿ 5 ಬಂದರೆ ನಿಲ್ಲಿಸಿ. ಬಾರ್ ಸೋಪು 9-10ರಲ್ಲಿ ಇರುತ್ತದೆ, ನಮ್ಮ ಚರ್ಮ 5ರ ಆಸುಪಾಸು. ಬೆಂಜೋಯೇಟ್ ಕೆಲಸ ಮಾಡುವುದೂ ಹುಳಿಯಲ್ಲಿ ಮಾತ್ರ. ಉಪ್ಪು ಕೊನೆಗೆ. 5 ಗ್ರಾಂ ಕರಗಿಸಿ ಹಾಕಿ, ನೋಡಿ, ಬೇಕಿದ್ದರೆ ಒಂದೊಂದೇ ಗ್ರಾಂ ಸೇರಿಸಿ. ರಾತ್ರಿಯಿಡೀ ಬಿಟ್ಟರೆ ನೊರೆ ಇಳಿದು ತಿಳಿಯಾಗುತ್ತದೆ.

ಅಳೆಯುವಾಗ ಕೈಗವಸು ಇರಲಿ. ಎರಡು ವಾರದೊಳಗೆ ಮುಗಿಸಿ, ಮಾಡಿದ ತಾರೀಕನ್ನು ಬಾಟಲಿಯ ಮೇಲೆ ಮಕ್ಕಳೇ ಬರೆಯಲಿ. ಮೊದಲ ದಿನ ಮೊಣಕೈಯ ಒಳಭಾಗಕ್ಕೆ ಹಚ್ಚಿ ನೋಡಿ, ಬೀಟೈನ್ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಈಗಾಗಲೇ ಒಡೆದ ಕೈಗೆ ಇದು ಮದ್ದಲ್ಲ. ಆ ಹುಡುಗಿಯನ್ನು ಡಾಕ್ಟರರ ಹತ್ತಿರವೇ ಕಳಿಸಿದ್ದು.